ಎರಡನೇ ಪಂಕ್ತಿಯ ಮಾತು

ಊಟದ ಹೊತ್ತಿನ ಮಾತುಕತೆಯ ಬಗ್ಗೆ ಓದಲು ಸಿಕ್ಕಿದ ಬರಹಗಳಲ್ಲಿ ಹೆಚ್ಚಿನವು ಒಂದೇ ನೋಟದಿಂದ ಶುರುವಾಗುತ್ತವೆ. ಮೇಜು, ಅದರ ಸುತ್ತ ಅಪ್ಪ, ಅಮ್ಮ, ಮಕ್ಕಳು, ನಡುವೆ ಪಾತ್ರೆಗಳು. ಎಲ್ಲರೂ ಒಟ್ಟಿಗೆ ಕೂರುತ್ತಾರೆ, ಒಟ್ಟಿಗೆ ಏಳುತ್ತಾರೆ. ನಾನು ಉಂಡ, ನೋಡಿದ ಮನೆಗಳಲ್ಲಿ ಬಹುಪಾಲು ಹೀಗಿಲ್ಲ. ಒಬ್ಬರು ಕೂತಿರುತ್ತಾರೆ, ಇನ್ನೊಬ್ಬರು ನಿಂತಿರುತ್ತಾರೆ. ಒಬ್ಬರ ಬಾಯಲ್ಲಿ ತುತ್ತು, ಇನ್ನೊಬ್ಬರ ಕೈಯಲ್ಲಿ ಸೌಟು. ಮನೆಯವರೆಲ್ಲ ಒಟ್ಟಿಗೆ ಉಣ್ಣುವುದೇ ಇಲ್ಲ ಅಂದಮೇಲೆ ಮಕ್ಕಳು ಊಟದಲ್ಲಿ ಮಾತು ಕಲಿಯುತ್ತಾರೆ ಎಂಬುದು ನಮ್ಮಲ್ಲಿ ಹೇಗೆ ನಿಜವಾಗುತ್ತದೆ? ಕಲಿಯುವುದಂತೂ ಹೌದು. ಯಾರಿಂದ, ಯಾವಾಗ, ಏನನ್ನು ಎಂಬುದೇ ನನ್ನನ್ನು ಕಾಡುತ್ತಿರುವುದು. ಕಂಡಷ್ಟನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆ.

*

ಧಾರವಾಡ ಸೀಮೆಯ ಒಂದು ಮನೆ, ರಾತ್ರಿ ಊಟ. ಸೊಸೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ. ಗಂಡಸರು, ಮಕ್ಕಳು ಅಲ್ಲೇ ಗೋಡೆಗೆ ಒರಗಿ ಕೂತಿದ್ದಾರೆ. ಜೋಳದ ಹಿಟ್ಟಿಗೆ ಗೋಧಿಗಿರುವ ಅಂಟಿಲ್ಲ. ಕುದಿಯುವ ನೀರು ಹಾಕಿ ನಾದಿ, ಕೈಯಿಂದ ಬಡಿದು ತೆಳ್ಳಗೆ ಮಾಡಬೇಕು. ಹಂಚಿನಿಂದ ಇಳಿದದ್ದು ಆಗಲೇ ತಾಟಿಗೆ ಬರಬೇಕು. ಒಬ್ಬರಿಗೆ ಬಿಸಿರೊಟ್ಟಿ ಸಿಗಬೇಕಾದರೆ ಇನ್ನೊಬ್ಬರು ಒಲೆಯ ಮುಂದೆ ಇರಲೇಬೇಕು. ಅವಳ ಮುಖ ಬೆಂಕಿಯ ಕಡೆಗೆ, ಬೆನ್ನು ಉಣ್ಣುವವರ ಕಡೆಗೆ.

ಹಾಗೆ ಬೆನ್ನು ತಿರುಗಿಸಿಕೊಂಡು ಆಡುವ ಮಾತಿಗೆ ತನ್ನದೇ ಒಂದು ರೀತಿಯಿದೆ. ಗಂಡನಿಗೆ ಹೇಳಬೇಕಾದ್ದನ್ನು ಮಗಳಿಗೆ ಹೇಳುತ್ತಾಳೆ: “ನಿಮ್ಮಪ್ಪಗ ಕೇಳ, ಇನ್ನೊಂದ ರೊಟ್ಟಿ ನೀಡ್ಲೇನಂತ.” ಅಪ್ಪ ಅಲ್ಲೇ ಇದ್ದಾನೆ, ಕೇಳಿಸಿಕೊಂಡೂ ಆಗಿದೆ. ಆದರೂ ಮಗಳು ತಿರುಗಿ ಅಪ್ಪನ ಮುಖ ನೋಡುತ್ತಾಳೆ. ಅಪ್ಪ “ಅರ್ಧಾ ಸಾಕು” ಅನ್ನುವುದೂ ಮಗಳಿಗೇ. ಮೈದುನನಿಗೆ ಮುಟ್ಟಬೇಕಾದ ಮಾತು ಒಲೆಗೆ ಹೋಗುತ್ತದೆ: “ಕಟಗಿ ಹಸೀ ಅದಾವು, ಎಷ್ಟ ಊದಿದ್ರೂ ಹತ್ತವಲ್ವು.” ಕಟ್ಟಿಗೆ ತಂದವನು ಯಾರು ಎಂಬುದು ಕೂತವರಿಗೆಲ್ಲ ಗೊತ್ತು. ಅವನು ಏನೂ ಅನ್ನದೆ ಉಂಡು ಎದ್ದ. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಒಣ ಕಟ್ಟಿಗೆ ಬಿದ್ದಿತ್ತು.

ಆ ಮಗಳಿಗೆ ಏಳೆಂಟು ವರ್ಷ ಇರಬಹುದು. ಒಬ್ಬರ ಕಡೆ ನೋಡಿ ಇನ್ನೊಬ್ಬರಿಗೆ ಮುಟ್ಟಿಸುವ ಈ ವಿದ್ಯೆಯನ್ನು ಅವಳಿಗೆ ಯಾರೂ ಕೂರಿಸಿ ಕಲಿಸಿಲ್ಲ.

*

ಕೆಲವು ದಿನ ಒಂದು ಊಹೆಯನ್ನು ಹಿಡಿದುಕೊಂಡಿದ್ದೆ. ಯಾರು ಯಾರ ಜೊತೆ ಕೂರುತ್ತಾರೆ ಎಂಬುದನ್ನು ಧಾನ್ಯವೇ ತೀರ್ಮಾನಿಸುತ್ತಿರಬಹುದೆ? ರೊಟ್ಟಿ ಒಂದೊಂದಾಗಿ ಬೇಯುತ್ತದೆ, ಹಾಗಾಗಿ ಬಡಿಯುವವಳು ಹೊರಗುಳಿಯುತ್ತಾಳೆ. ರಾಗಿಮುದ್ದೆ ಹಾಗಲ್ಲ. ಕೋಲಿನಿಂದ ತಿರುವಿ ಇಳಿಸಿ, ಬಿಸಿ ಇದ್ದಾಗಲೇ ಕಟ್ಟಿಟ್ಟರೆ ಎಲ್ಲರಿಗೂ ಒಂದೇ ಹೊತ್ತಿಗೆ ಸಿದ್ಧ. ಮಾಡಿದವಳೂ ಕೂರಬಹುದು.

ಊಹೆಗೆ ಪುಷ್ಟಿ ಕೊಡುವ ಸಂಗತಿ ಅದೇ ಧಾರವಾಡದ ಮನೆಯವರಲ್ಲೇ ಸಿಕ್ಕಿತು. ಎಳ್ಳಮಾವಾಸ್ಯೆಗೆ ಭೂಮಿಗೆ ಎಡೆಯಾಗಿ ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತಾರಲ್ಲ, ಆವತ್ತಿನ ಊಟ. ಸಜ್ಜೆ ರೊಟ್ಟಿ, ಕಟಕ್ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಎಲ್ಲ ಮೊದಲೇ ಮಾಡಿ ಬುಟ್ಟಿಯಲ್ಲಿ ಕಟ್ಟಿದ್ದು. ಮರದ ಕೆಳಗೆ ಹೆಂಗಸರು ಗಂಡಸರು ಮಕ್ಕಳು ಎಲ್ಲರೂ ಒಂದೇ ಸುತ್ತಿನಲ್ಲಿ ಕೂತಿದ್ದರು. ರಾತ್ರಿ ಒಲೆಗೆ ಮಾತಾಡಿದ ಸೊಸೆ ಇಲ್ಲಿ ಗಂಡನಿಗೆ ನೇರವಾಗಿ “ನಿಮ್ಮ ತಮ್ಮಗ ಸ್ವಲ್ಪ ಹೇಳ್ರಿ” ಅಂದಳು, ಮುಖ ನೋಡಿಕೊಂಡೇ. ಬೆಂಕಿಯಿಲ್ಲದ ಜಾಗದಲ್ಲಿ ಅವಳ ಮಾತು ಬೇರೆಯಾಗಿತ್ತು. ನನಗೆ ಬಹಳ ಸಂತೋಷವಾಯಿತು, ಉತ್ತರ ಸಿಕ್ಕಿತೆಂದು.

ಆಮೇಲೆ ಮಂಡ್ಯದ ಕಡೆ ಒಂದು ಮನೆ. ಮುದ್ದೆ ಕಟ್ಟಿ ಆಗಿದೆ, ಹುರುಳಿಕಾಳಿನ ಸಾರು ಇಳಿದಿದೆ, ಒಲೆಯ ಹತ್ತಿರ ಇನ್ನು ಕೆಲಸವಿಲ್ಲ. ಮನೆಯಾಕೆ ಮಾತ್ರ ಕೂರಲಿಲ್ಲ. ಬಾಗಿಲ ಚೌಕಟ್ಟಿಗೆ ಕೈಕೊಟ್ಟು ನಿಂತು, “ಇನ್ನೊಂಚೂರು ಇಕ್ಲಾ?” ಅನ್ನುತ್ತಲೇ ಇದ್ದರು. “ನೀವೂ ಕೂತ್ಕೊಳ್ಳಿ” ಅಂದದ್ದಕ್ಕೆ, “ಉಣ್ಣಿ ಉಣ್ಣಿ, ಆರೋಯ್ತದೆ” ಎಂಬ ಉತ್ತರ. ಮುದ್ದೆ ಆರುವುದು ಅವರ ಪಾಲಿನದೂ ಅಲ್ಲವೆ ಎಂದು ಕೇಳಲು ಬಾಯಿ ಬರಲಿಲ್ಲ.

ಅಲ್ಲಿಗೆ ಧಾನ್ಯದ ಊಹೆ ಅರ್ಧ ಬಿತ್ತು. ರೊಟ್ಟಿ ಒಂದು ಕಾರಣ ಕೊಡುತ್ತದೆ. ಕಾರಣವಿಲ್ಲದ ಕಡೆಯೂ ಪದ್ಧತಿ ನಿಂತೇ ಇದೆ.

*

ಬೇಡ ಅಂದದ್ದನ್ನು ಎಷ್ಟನೇ ಸಲಕ್ಕೆ ನಂಬಬೇಕು?

ಮೈಸೂರು ಕಡೆಯ ಮದುವೆ. ಬಡಿಸುವವರೆಲ್ಲ ಗಂಡಸರು. ಮನೆಯಲ್ಲಿ ಸೌಟು ಮುಟ್ಟದವರೂ ಪಂಚೆ ಎತ್ತಿ ಕಟ್ಟಿ ಹುಳಿಯ ಬಕೆಟ್ಟು ಹಿಡಿದಿದ್ದಾರೆ. ಹೆಣ್ಣಿನ ತಂದೆ ಸಾಲಿನುದ್ದಕ್ಕೂ ನಡೆಯುತ್ತ “ನಿಧಾನವಾಗಿ ಊಟ ಮಾಡಿ, ಸಾವಕಾಶವಾಗ್ಲಿ” ಅನ್ನುತ್ತಿದ್ದಾರೆ. ಒಬ್ಬಟ್ಟಿನ ತಟ್ಟೆ ಬಂತು. ನನ್ನ ಪಕ್ಕದ ಹಿರಿಯರು ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿದರು. ಬಡಿಸುವವನು ಹೋಗಲಿಲ್ಲ. “ಒಂದೇ ಒಂದು, ನನಗೋಸ್ಕರ.” ಕೈ ಸ್ವಲ್ಪ ಸರಿಯಿತು. “ಅರ್ಧ ಹಾಕಪ್ಪ ಹಾಗಾದರೆ.” ಇಡೀ ಒಬ್ಬಟ್ಟು ಬಿತ್ತು. ಇಬ್ಬರ ಮುಖದಲ್ಲೂ ನಗು. ಅದೇ ಸಾಲಿನಲ್ಲಿ ಇನ್ನೊಬ್ಬರು ಕೈ ಅಡ್ಡ ಹಿಡಿದಾಗ ಅದೇ ಹುಡುಗ ನಿಲ್ಲದೆ ಮುಂದೆ ಹೋದ. ಅವರು ನಿಜಕ್ಕೂ ಬೇಡ ಅಂದಿದ್ದರಂತೆ. ಹೇಗೆ ಗೊತ್ತಾಯಿತು ಅಂತ ಆಮೇಲೆ ಕೇಳಿದೆ. “ಕಣ್ಣಲ್ಲೇ ಗೊತ್ತಾಗುತ್ತೆ ಸಾರ್” ಅಂದ. ಇಪ್ಪತ್ತರ ಆಸುಪಾಸಿನ ಹುಡುಗ. ಯಾವ ಭಾಷೆಯ ವ್ಯಾಕರಣದಲ್ಲೂ ಇಲ್ಲದ ಈ ಜ್ಞಾನ ಅವನಿಗೆ ನಮ್ಮ ಊಟದ ಸಾಲುಗಳಿಂದಲೇ ಬಂದಿದೆ.

ಹೊರದೇಶಕ್ಕೆ ಹೋದ ನಮ್ಮವರಲ್ಲಿ ಅನೇಕರು ಹೇಳುವ ಅನುಭವವನ್ನು ಇದರ ಪಕ್ಕಕ್ಕೇ ಇಡಬೇಕು. ಮೊದಲ ಸಲ ಅಲ್ಲಿಯವರ ಮನೆಗೆ ಊಟಕ್ಕೆ ಹೋದದ್ದು, ಇನ್ನಷ್ಟು ಬೇಕೆ ಎಂದು ಕೇಳಿದಾಗ ರೂಢಿಯಂತೆ ಬೇಡ ಅಂದದ್ದು, ಪಾತ್ರೆ ಮತ್ತೆ ತಮ್ಮ ಕಡೆ ಬಾರದೆ ಹೋದದ್ದು. ಅಲ್ಲಿ ಆತಿಥೇಯರು ಕೊಟ್ಟದ್ದು ಗೌರವವನ್ನೇ: ನೀವು ಹೇಳಿದ್ದನ್ನು ನಂಬಿದೆವು ಎಂಬ ಗೌರವ. ನಮ್ಮಲ್ಲಿ ಗೌರವ ಇರುವುದು ಮೊದಲ ಮಾತನ್ನು ನಂಬದೇ ಇರುವುದರಲ್ಲಿ. ಎರಡನ್ನೂ ಬಲ್ಲ ಮಕ್ಕಳು ಈಗ ಬೆಳೆಯುತ್ತಿದ್ದಾರೆ. ಯಾರ ಮನೆಯಲ್ಲಿ ಯಾವ ರೀತಿಯ ಬೇಡ ಎಂಬುದನ್ನು ಅವರು ಹೊಸಿಲಿನಲ್ಲೇ ಹೇಗೆ ಆರಿಸಿಕೊಳ್ಳುತ್ತಾರೆ ಎಂಬುದನ್ನು ನೋಡಬೇಕು.

*

ಓದಿದ್ದು. ಲಾಸ್ ಏಂಜಲೀಸಿನ ಎಲಿನರ್ ಓಕ್ಸ್ ಮತ್ತು ಸಂಗಡಿಗರು ಅಮೆರಿಕದ ಮನೆಗಳ ರಾತ್ರಿಯೂಟವನ್ನು ವಿಡಿಯೊ ಮಾಡಿ, ಮಾತನ್ನು ಸಾಲುಸಾಲಾಗಿ ಬರೆದುಕೊಂಡು ಅಭ್ಯಾಸ ಮಾಡಿದವರು. ಅವರು ಕಂಡ ಒಂದು ವಿನ್ಯಾಸ: ಆವತ್ತಿನ ಸಂಗತಿಯನ್ನು ಅಮ್ಮ ಎತ್ತುತ್ತಾಳೆ, ಅಥವಾ ಅಪ್ಪನಿಗೆ ಹೇಳು ಎಂದು ಮಗುವಿಗೆ ಸೂಚಿಸುತ್ತಾಳೆ, ಅಪ್ಪ ಕೇಳಿ ತೀರ್ಪು ಕೊಡುವವನಾಗುತ್ತಾನೆ. ಅಷ್ಟು ದೂರದ ಮೇಜಿನ ಮೇಲೆ ನಮ್ಮ ಮನೆಯ ಮಜ್ಜಿಗೆಯ ಹೊತ್ತು ಕಂಡಿತು. ಶಾಲೆಯ ಪ್ರವಾಸದ ದುಡ್ಡು, ಅಂಕ ಕಡಿಮೆಯಾದ ಸುದ್ದಿ, ತವರಿಗೆ ಹೋಗಬೇಕೆಂಬ ವಿಚಾರ, ಎಲ್ಲವನ್ನೂ ಅಮ್ಮಂದಿರು ಎತ್ತುವುದು ಅಪ್ಪ ಮಜ್ಜಿಗೆಯನ್ನಕ್ಕೆ ಬಂದಾಗ. ಅನ್ನ ಸಾರಿನ ಹೊತ್ತಿಗೆ ಎತ್ತಿದರೆ ಊಟ ಕೆಡುತ್ತದೆ. ಕೈ ತೊಳೆದ ಮೇಲೆ ಎತ್ತಿದರೆ ಮನುಷ್ಯ ಎದ್ದು ಹೋಗಿರುತ್ತಾನೆ.

ಶೊಶಾನಾ ಬ್ಲುಮ್-ಕುಲ್ಕಾ 1997ರ ತಮ್ಮ ಪುಸ್ತಕದಲ್ಲಿ ಇಸ್ರೇಲಿನ ಮತ್ತು ಅಮೆರಿಕದ ಯಹೂದಿ ಕುಟುಂಬಗಳ ಊಟದ ಮಾತನ್ನು ಹೋಲಿಸಿದ್ದಾರೆ. ಧರ್ಮ ಒಂದೇ ಆದರೂ ಮಾತಿನ ರೀತಿ ಬೇರೆ. ಅಂದರೆ ಪೂರ್ವಜರಿಂದ ಬಂದದ್ದಷ್ಟೇ ಗುರುತಲ್ಲ. ಯಾವ ಊರಿನಲ್ಲಿ, ಯಾವ ಭಾಷೆಯ ನಡುವೆ ಕೂತು ಉಂಡೆವು ಎಂಬುದೂ ಅದರಲ್ಲಿ ಸೇರುತ್ತದೆ. ಇದು ನನಗೆ ಮುಖ್ಯವೆನಿಸಿತು.

ಆದರೆ ಈ ಎರಡೂ ಕಡೆ ಎಲ್ಲರೂ ಕೂತಿದ್ದಾರೆ. ನಿಂತವರ ಬಗ್ಗೆ ಬರೆದದ್ದು ಅರ್ಜುನ್ ಅಪ್ಪಾದುರೈ. 1981ರ ಅವರ ಪ್ರಬಂಧ ತಮಿಳು ಬ್ರಾಹ್ಮಣರ ಮನೆ, ಮದುವೆ, ದೇವಸ್ಥಾನಗಳಲ್ಲಿ ಅನ್ನದ ಸುತ್ತ ನಡೆಯುವ ರಾಜಕಾರಣದ್ದು. ಯಾರಿಗೆ ಮೊದಲು, ಯಾರಿಗೆ ಎಷ್ಟು, ಯಾರ ಸಾಲಿನಲ್ಲಿ ಯಾರು ಎಂಬುದರ ಮೂಲಕ ಬಾಯಿಬಿಡದೆ ಹೇಳುವ ಮಾತು. ಓದುತ್ತ ನೆನಪಾದದ್ದು: ಮುನಿಸಿಕೊಂಡ ಅತ್ತೆ ಸೊಸೆಗೆ ತುಪ್ಪ ಹಾಕಲು ಮರೆಯುವುದು. ಸೊಸೆ ಅದನ್ನು ಕೇಳದೇ ಇರುವುದು. ಮೂರನೆಯ ದಿನ ತುಪ್ಪ ತಾನಾಗಿ ಬೀಳುವುದು. ಜಗಳ ಶುರುವಾಗಿ ರಾಜಿಯಾಯಿತು, ಒಂದು ಮಾತೂ ಆಡದೆ.

*

ಈಗ ನನ್ನ ಮುಖ್ಯ ಗೊಂದಲಕ್ಕೆ ಬರುತ್ತೇನೆ.

ಮನೆಯ ಊಟ ಎಂದಾಗ ನಾವು ನೆನೆಯುವುದು ಮೊದಲ ಪಂಕ್ತಿಯನ್ನು. ಗಂಡಸರು, ಹಿರಿಯರು, ಮಕ್ಕಳು. ಅಲ್ಲಿ ಮಾತು ಕಡಿಮೆ. ಉಣ್ಣುವಾಗ ಮಾತಾಡಬಾರದು ಎಂಬ ಶಾಸ್ತ್ರ ಕೆಲವು ಮನೆಗಳಲ್ಲಿ, ಹೊಲಕ್ಕೋ ಕಚೇರಿಗೋ ಹೊರಡುವ ಅವಸರ ಇನ್ನು ಕೆಲವು ಮನೆಗಳಲ್ಲಿ. ಈ ಮೌನವನ್ನು ನೋಡಿ, ನಮ್ಮಲ್ಲಿ ಊಟ ಮಾತಿನ ಹೊತ್ತಲ್ಲ ಎಂದು ತೀರ್ಮಾನಿಸುವುದು ಸುಲಭ.

ಎರಡನೇ ಪಂಕ್ತಿಯನ್ನು ನೋಡಿದವರು ಹಾಗೆ ಹೇಳಲಾರರು. ಗಂಡಸರು ಎದ್ದು, ಜಗಲಿಯಲ್ಲಿ ಎಲೆ ಅಡಿಕೆಗೆ ಕೂತ ಮೇಲೆ ಅಡುಗೆಮನೆಯಲ್ಲಿ ಹೆಂಗಸರು ಕೂರುತ್ತಿದ್ದರು. ಪಾತ್ರೆಗಳು ಸುತ್ತಲೂ, ಅರ್ಧ ಖಾಲಿ. ಯಾರೂ ಯಾರಿಗೂ ಬಡಿಸುವುದಿಲ್ಲ. ತಮಗೆ ತಾವೇ ಹಾಕಿಕೊಂಡು ಪಕ್ಕಕ್ಕೆ ತಳ್ಳುತ್ತಾರೆ. ಪಲ್ಯ ತಳಕ್ಕೆ ಬಂದಿದ್ದರೆ ಉಪ್ಪಿನಕಾಯಿ. ಬಾಣಲೆಗೇ ಅನ್ನ ಹಾಕಿ ಒರೆಸಿ ಕಲಸಿ ಹಂಚಿಕೊಳ್ಳುವುದು. ಮಾತು ಆಗ ಶುರುವಾಗುತ್ತಿತ್ತು. ಬಾವನಿಗೆ ಈ ಸಲ ಅಡಿಕೆಯಲ್ಲಿ ಎಷ್ಟು ಬಂತು, ಯಾರ ಮಗಳ ಸಂಬಂಧ ಯಾಕೆ ಮುರಿಯಿತು, ಚಿಕ್ಕತ್ತೆಯ ಹೊಟ್ಟೆನೋವಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕೋ ಬೇಡವೋ. ಗಂಡಸರ ಅಣಕವೂ ಇರುತ್ತಿತ್ತು, ಜೋರು ನಗೆಯೂ. ಮೊದಲ ಪಂಕ್ತಿಯಲ್ಲಿ ಒಲೆಗೆ ಹೇಳಿದ ಮಾತುಗಳೆಲ್ಲ ಇಲ್ಲಿ ಹೆಸರು ಹಿಡಿದು ಬರುತ್ತಿದ್ದವು. ಅತ್ತೆ ಸೊಸೆಯರು ಒಂದೇ ಸುತ್ತಿನಲ್ಲಿ. ಜಗಳವೂ ಇಲ್ಲೇ ನಡೆಯುತ್ತಿತ್ತು, ನೇರವಾಗಿ.

ಕಡೆಗೆ ಉಣ್ಣುವುದನ್ನು ನಾನು ಹೊಗಳುತ್ತಿಲ್ಲ. ತಳದಲ್ಲಿ ಉಳಿದದ್ದನ್ನು ಉಂಡು ಬಸುರು ಬಾಣಂತನ ಕಳೆದ ಹೆಂಗಸರ ಮೈಗೆ ಏನಾಯಿತು ಎಂಬುದು ಎಲ್ಲರಿಗೂ ಗೊತ್ತಿರುವ ನೋವು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುತ್ತಿದ್ದುದು ದಿನಕ್ಕೆ 299 ನಿಮಿಷ, ಆ ಕೆಲಸಕ್ಕೆ ಕೈಹಾಕುವ ಗಂಡಸರು 97. ಆ 299ರೊಳಗೆ ನಿಂತು ಬಡಿಸುವ ಹೊತ್ತೂ ಸೇರಿದೆ. ಇದು ಹೋಗಬೇಕಾದ ವ್ಯವಸ್ಥೆಯೇ. ನನ್ನನ್ನು ಕಾಡುವುದು ಬೇರೆ. ಆ ಅನ್ಯಾಯದ ಒಳಗೇ ಒಂದು ಮಾತಿನ ಮನೆ ಇತ್ತಲ್ಲ, ಅದು ಈಗ ಎಲ್ಲಿಗೆ ಹೋಯಿತು?

*

ಮೇಲಿನದಕ್ಕೆ ಸೇರಿಸಬೇಕಾದ್ದು. ಮಕ್ಕಳು ಚಿಕ್ಕವರಿದ್ದಾಗ ಯಾವ ಪಂಕ್ತಿಗೆ ಬೇಕಾದರೂ ಸಲ್ಲುತ್ತಾರೆ. ಮೊದಲ ಪಂಕ್ತಿಯಲ್ಲಿ ಉಂಡ ಹುಡುಗ ಎರಡನೆಯದರಲ್ಲಿ ಅಮ್ಮನ ತೊಡೆಗೆ ಒರಗಿ ಇನ್ನೊಂದು ತುತ್ತು ತಿನ್ನುತ್ತಾನೆ, ಎಲ್ಲ ಮಾತು ಕೇಳಿಸಿಕೊಳ್ಳುತ್ತಾನೆ. ಒಂದು ವಯಸ್ಸಿನಲ್ಲಿ, “ದೊಡ್ಡವನಾದೆ, ಹೋಗು, ಅಪ್ಪನ ಹತ್ತಿರ ಕೂತ್ಕೋ” ಅನ್ನುತ್ತಾರೆ. ಅವನಿಗೆ ಅಡುಗೆಮನೆಯ ಮಾತು ಅಲ್ಲಿಗೆ ನಿಲ್ಲುತ್ತದೆ. ಸುಮಾರು ಅದೇ ವಯಸ್ಸಿನ ಹುಡುಗಿಗೆ ಸೌಟು ಕೊಟ್ಟು, “ಯಾರ ಎಲೇಲಿ ಏನಿಲ್ಲ ನೋಡ್ಕೊಂಡು ಹಾಕು” ಅನ್ನುತ್ತಾರೆ. ಅವಳು ಕೇಳದೆ ತಿಳಿಯುವುದನ್ನು ಕಲಿಯುತ್ತಾಳೆ. ಅವನು ಹೇಳದೆ ಪಡೆಯುವುದನ್ನು ಕಲಿಯುತ್ತಾನೆ.

ಮುಂದೆ ಇವರೇ ಬೇರೆ ಬೇರೆ ಮನೆಗಳಲ್ಲಿ ಗಂಡ ಹೆಂಡತಿಯರಾಗುತ್ತಾರೆ. “ಬಾಯಿಬಿಟ್ಟು ಹೇಳಬಾರದಾ?” ಎಂಬ ಜಗಳ ಎಷ್ಟು ಮನೆಗಳಲ್ಲಿ ಕೇಳಿದ್ದೇನೆ! ಅದರ ಬೇರು ಇಲ್ಲಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

*

ಯಾರ ಮನೆಯಲ್ಲಿ ಉಣ್ಣಬಾರದು ಎಂಬುದನ್ನೂ ಮಕ್ಕಳು ಊಟದಲ್ಲೇ ಕಲಿಯುತ್ತಾರೆ. ಇದನ್ನು ಬರೆಯದೆ ಬಿಟ್ಟರೆ ಈ ಟಿಪ್ಪಣಿಗಳಿಗೆ ಅರ್ಥವಿಲ್ಲ. ಆಡಿ ಬಂದ ಮಗುವಿಗೆ ಬಡಿಸುತ್ತ, “ಅವರ ಮನೇಲಿ ಏನಾದ್ರೂ ತಿಂದ್ಯಾ?” ಎಂದು ಕೇಳುವ ದನಿಯೇ ಸಾಕು. ಬೈಗುಳವಿಲ್ಲ, ಜಾತಿಯ ಹೆಸರಿಲ್ಲ, ಒಂದು ಪ್ರಶ್ನೆ ಅಷ್ಟೆ. ಮಗುವಿಗೆ ಪೂರ್ತಿ ಅರ್ಥವಾಗುತ್ತದೆ. ಸೂಚ್ಯವಾಗಿ ಹೇಳುವ ನಮ್ಮ ಕಲೆ ಎಷ್ಟು ಸೊಗಸಾದದ್ದೋ ಅಷ್ಟೇ ಕ್ರೂರವಾಗಬಲ್ಲದು.

ಹನ್ನೆರಡನೇ ಶತಮಾನದ ಶರಣರು ಇದನ್ನು ಕಂಡಿದ್ದರು. ಅಸ್ಪೃಶ್ಯನೆನಿಸಿದ್ದ ಸಂಬೋಳಿ ನಾಗಿದೇವನ ಮನೆಯಲ್ಲಿ ಬಸವಣ್ಣ ಪ್ರಸಾದ ಸ್ವೀಕರಿಸಿದ ಕಥೆ ಇವತ್ತಿಗೂ ಹೇಳಲ್ಪಡುವುದು ಆ ಒಂದು ಊಟ ಕಲ್ಯಾಣವನ್ನು ಕದಲಿಸಿದ್ದರಿಂದ. ಅವರ ದಾಸೋಹದ ಹೆಸರನ್ನೇ ಹೊತ್ತ ಅಕ್ಷರ ದಾಸೋಹ ಯೋಜನೆಯಲ್ಲಿ ಇವತ್ತು ರಾಜ್ಯದ ಶಾಲೆಗಳ ಮಕ್ಕಳು ಸಾಲಾಗಿ ಕೂತು ಉಣ್ಣುತ್ತಾರೆ. ಅಡುಗೆ ಮಾಡುವವರು ದಲಿತ ಹೆಂಗಸರೆಂಬ ಕಾರಣಕ್ಕೆ ಮಕ್ಕಳನ್ನು ಆ ಸಾಲಿನಿಂದ ಎಬ್ಬಿಸಿದ ಸುದ್ದಿಯೂ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಮನೆಯ ಸಾಲು ಕಲಿಸಿದ್ದನ್ನು ಶಾಲೆಯ ಸಾಲು ಮರೆಸಬೇಕು. ಎಷ್ಟು ವರ್ಷದ ಮಧ್ಯಾಹ್ನಗಳು ಬೇಕಾಗುತ್ತವೆ?

*

ಕೈತುತ್ತು. ಬೆಳದಿಂಗಳಲ್ಲಿ ಅಂಗಳದಲ್ಲೋ ತಾರಸಿಯಲ್ಲೋ ಮಕ್ಕಳು ಸುತ್ತ ಕೂತು, ಅಜ್ಜಿ ದೊಡ್ಡ ಪಾತ್ರೆಯಲ್ಲಿ ಕಲಸಿದ ಹುಳಿಯನ್ನವನ್ನು ಒಂದೊಂದೇ ತುತ್ತಾಗಿ ಅಂಗೈಗೆ ಹಾಕುವುದು. ಇದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನಗೆ ಹೊಸದಾಗಿ ಕಂಡದ್ದು ಒಂದೇ: ಅಜ್ಜಿ ಆಗ ಉಣ್ಣುತ್ತಿಲ್ಲ. ಅವಳ ಬಾಯಿ ಖಾಲಿ ಇರುವುದರಿಂದಲೇ ಕಥೆ ಬರುತ್ತದೆ. ಒಂದು ಸುತ್ತು ಮುಗಿದು ಮತ್ತೆ ತನ್ನ ಸರದಿ ಬರುವವರೆಗಿನ ಸಮಯ ಪ್ರತಿ ಮಗುವಿಗೂ ಕಥೆ ಕೇಳಲು.

ಅಮೆರಿಕದಲ್ಲಿರುವ ಮಗನ ಮನೆಗೆ ಹುಬ್ಬಳ್ಳಿಯಿಂದ ಅಜ್ಜಿಯೊಬ್ಬರ ವಿಡಿಯೊ ಕರೆ. ಅಲ್ಲಿ ಶನಿವಾರದ ಬೆಳಿಗ್ಗೆ, ಇಲ್ಲಿ ಸಂಜೆ. ಮೊಮ್ಮಗಳು ದೋಸೆ ತಿನ್ನುತ್ತಿದ್ದಾಳೆ. ಅಜ್ಜಿ ಕಥೆ ಹೇಳುತ್ತಾ ನಡುನಡುವೆ “ತುತ್ತು ನುಂಗು” ಅನ್ನುತ್ತಾರೆ. ಮಗು ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ಆದರೆ ತಟ್ಟೆಗೆ ಸಂಬಂಧಿಸಿದ್ದೆಲ್ಲ ಕನ್ನಡದಲ್ಲಿ: ಸಾಕು, ಖಾರ, ಇನ್ನೊಂದು, ಚಟ್ನಿ ಬ್ಯಾಡ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಇದೇ ಕೇಳುತ್ತೇನೆ. ಭಾಷೆ ಮನೆಯ ಬೇರೆಲ್ಲ ಕೋಣೆಗಳನ್ನು ಬಿಟ್ಟುಕೊಟ್ಟ ಮೇಲೂ ತಟ್ಟೆಯ ಸುತ್ತ ನಿಂತಿರುತ್ತದೆ. ಎಲ್ಲಿಯವರೆಗೆ? ಆ ಮೊಮ್ಮಗಳು ನಾಳೆ ತನ್ನ ಮಗುವಿಗೆ ಯಾವ ಭಾಷೆಯಲ್ಲಿ ಇನ್ನೊಂದು ತುತ್ತು ಅನ್ನುತ್ತಾಳೆ?

*

ಟಿವಿಯ ಮುಂದಿನ ಊಟವನ್ನು ಎಲ್ಲರೂ ಬೈಯುತ್ತಾರೆ. ನಾನೂ ಬೈಯುತ್ತಿದ್ದೆ, ತುಮಕೂರಿನ ಒಂದು ಮನೆಯಲ್ಲಿ ಕೂತು ಗಮನಿಸುವವರೆಗೆ. ಊಟದ ಮೇಜಿನ ಮೇಲೆ ಇಸ್ತ್ರಿಯ ಬಟ್ಟೆ, ಹಳೆಯ ಪೇಪರು. ಮನೆಯವರೆಲ್ಲ ನೆಲದ ಮೇಲೆ ಧಾರಾವಾಹಿಯ ಮುಂದೆ, ಅತ್ತೆ ಸೊಸೆ ಇಬ್ಬರೂ ತಟ್ಟೆ ಹಿಡಿದು ಕೂತಿದ್ದರು. ಹೌದು, ಎಲ್ಲರೂ ಒಟ್ಟಿಗೆ! ಪರದೆಯ ಮೇಲಿನ ಅತ್ತೆ ಏನೋ ಅಂದಳು. ಸೊಸೆ: “ಅಷ್ಟೊಂದು ಅನ್ನಬಾರದಿತ್ತು ಅವರು.” ಅತ್ತೆ: “ಅವಳೂ ಸುಮ್ಮನೆ ಇರೋಳಲ್ಲ ಬಿಡು.” ಗಂಡ ತಟ್ಟೆಯಿಂದ ತಲೆಯೆತ್ತಲಿಲ್ಲ. ಜಾಹೀರಾತು ಬಂದಾಗ ಅತ್ತೆ ಸೊಸೆಯ ತಟ್ಟೆಗೆ ಒಂದು ಸೌಟು ಹುಳಿ ಹಾಕಿದರು, ಕೇಳದೆ. ಒಲೆಗೆ ಹೇಳುತ್ತಿದ್ದ ಮಾತನ್ನು ಈಗ ಪರದೆಗೆ ಹೇಳುತ್ತಿದ್ದಾರೆ. ಪದ್ಧತಿ ಸತ್ತಿಲ್ಲ, ಜಾಗ ಬದಲಿಸಿದೆ.

ಮೊಬೈಲು ಬೇರೆ. ಅದು ಒಬ್ಬರಿಗೇ ಕಾಣುತ್ತದೆ. ಅದರ ಮೂಲಕ ಪಕ್ಕದವರಿಗೆ ಮಾತು ದಾಟಿಸಲು ಆಗುವುದಿಲ್ಲ.

*

2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಒಂದು ಪ್ರಶ್ನೆ ಇತ್ತು: ಮುಖ್ಯ ಊಟದ ಹೊತ್ತಿಗೆ ಮನೆಯಲ್ಲಿ ಹೆಂಗಸರು ಗಂಡಸರ ಜೊತೆ ಉಣ್ಣುತ್ತಾರೆಯೆ, ಇಲ್ಲವೆ ಯಾರು ಮೊದಲು ಉಣ್ಣುತ್ತಾರೆ? ದೇಶದ ಸಾವಿರಾರು ಮನೆಗಳಲ್ಲಿ ಇದನ್ನು ಕೇಳಿ ಬರೆದುಕೊಂಡದ್ದು ಒಳ್ಳೆಯ ಕೆಲಸ. ಇನ್ನೊಂದು ಪ್ರಶ್ನೆಯೂ ಇರಬೇಕಿತ್ತು ಎಂದು ನನ್ನಾಸೆ: ಕಡೆಗೆ ಉಣ್ಣುವವರು ಒಬ್ಬರೇ ಉಣ್ಣುತ್ತಾರೋ, ಜೊತೆಗೆ ಯಾರಾದರೂ ಇರುತ್ತಾರೋ? ಕೂಡುಕುಟುಂಬ ಒಡೆದು ಗಂಡ, ಹೆಂಡತಿ, ಎರಡು ಮಕ್ಕಳ ಮನೆಯಾದ ಮೇಲೂ ಹೆಂಡತಿ ಕಡೆಗೇ ಉಣ್ಣುವ ಮನೆಗಳಿವೆ. ಅಲ್ಲಿ ಎರಡನೇ ಪಂಕ್ತಿಯಲ್ಲಿ ಅವಳೊಬ್ಬಳೇ. ಆರಿದ ಅನ್ನ ಹಾಗೇ ಉಳಿಯಿತು, ನಗು ಮಾತ್ರ ಹೋಯಿತು. ಇಷ್ಟೂ ಬದಲಾವಣೆಯಲ್ಲಿ ಅತಿ ಹೆಚ್ಚು ಕಳೆದುಕೊಂಡವಳು ಇವಳು ಎಂದು ನನಗನ್ನಿಸುತ್ತದೆ.

*

ಬೆಂಗಳೂರಿನ ಒಂದು ಪಿಜಿಯಲ್ಲಿ ಪರಿಚಯದ ಹುಡುಗಿಯನ್ನು ನೋಡಲು ಹೋಗಿದ್ದ ನಮ್ಮ ಮನೆಯವರು ಬಂದು ಹೇಳಿದ್ದು. ರಾತ್ರಿ ಕೆಲಸ ಮುಗಿಸಿ ಬಂದ ನಾಲ್ಕೈದು ಹುಡುಗಿಯರು ಒಂದೇ ಮಂಚದ ಮೇಲೆ ಪೇಪರು ಹಾಸಿ ಕೂತಿದ್ದರಂತೆ. ವಿಜಯಪುರದವಳ ಡಬ್ಬಿಯಿಂದ ಕಟಕ್ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಶಿರಸಿಯವಳದು ಅಪ್ಪೆಮಿಡಿ ಉಪ್ಪಿನಕಾಯಿ, ಕೆಳಗಿನ ಅಡುಗೆಮನೆಯಿಂದ ತಂದ ಅನ್ನ ಮೊಸರು. ಮ್ಯಾನೇಜರನ ಅಣಕ, ಸಂಬಳದ ಲೆಕ್ಕ, ಒಬ್ಬಳ ಮನೆಯಲ್ಲಿ ನೋಡುತ್ತಿರುವ ಗಂಡಿನ ವಿಚಾರ, ನಡುವೆ ಜೋರು ನಗು. ಯಾರೂ ಯಾರಿಗೂ ಬಡಿಸುತ್ತಿರಲಿಲ್ಲ, ಡಬ್ಬಿ ಪಕ್ಕಕ್ಕೆ ತಳ್ಳುತ್ತಿದ್ದರು.

ಎರಡನೇ ಪಂಕ್ತಿಯೇ ಇದು? ಇವರಿಗಿಂತ ಮೊದಲು ಯಾರೂ ಉಂಡಿಲ್ಲ, ಜಗಲಿಯಲ್ಲಿ ಯಾರೂ ಕೂತಿಲ್ಲ, ದನಿ ತಗ್ಗಿಸುವ ಅಗತ್ಯವೂ ಇಲ್ಲ. ಹೀಗೆ ಉಂಡ ಹುಡುಗಿ ಮದುವೆಯಾಗಿ ಹೋದ ಮನೆಯಲ್ಲಿ ಎಲ್ಲಿ ಕೂರುತ್ತಾಳೆ, ಹೇಗೆ ಮಾತಾಡುತ್ತಾಳೆ? ಆ ವಿಜಯಪುರದ ಹುಡುಗಿಗೆ ಬರುವ ವರ್ಷ ಮದುವೆಯಂತೆ. ಅವಳ ಅಮ್ಮ ಈಗಲೂ ಗಂಡಸರು ಎದ್ದ ಮೇಲೇ ಉಣ್ಣುವುದು, ಅದನ್ನೂ ಅವಳೇ ಹೇಳಿದಳಂತೆ.